ಹಗ್ಗ ಹಿಡಿದ ಭಾವ

ಏಳನೇ ಅಂತಸ್ತಿನ ಕಿಟಕಿಯ ಮಗ್ಗುಲಲ್ಲಿ, ತಾರಸಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಹಲಗೆ ಗಕ್ಕನೆ ನಿಂತಿತು. ಅದರ ಮೇಲೆ ಕೂತು ಗೋಡೆಗೆ ಬಣ್ಣ ಬಳಿಯುತ್ತಿದ್ದ ಕುಳ್ಳ, ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಹಗ್ಗವನ್ನು ತಬ್ಬಿಕೊಂಡ. ಒಂದು ಗಳಿಗೆ ಬಿಟ್ಟು ಬ್ರಷ್ಷು ಕೈಗೆ ತೆಗೆದುಕೊಂಡು ಕೂಗಿದ.

"ಭಾವಾ, ಇನ್ನೊಂದು ಮೊಳ ಇಳಿಸಿ!"

ಹಲಗೆ ಅಲುಗಲಿಲ್ಲ. ತಲೆ ಎತ್ತಿದರೆ ತಾರಸಿಯ ಅಂಚು, ಅದರಾಚೆ ಬರೀ ಆಕಾಶ. ಹತ್ತೊಂಬತ್ತು ವರ್ಷ ಹಲ್ಲಿಯಂತೆ ಗೋಡೆಗೆ ಅಂಟಿಕೊಂಡೇ ಬದುಕಿದವನಿಗೆ ಇವತ್ತು ಕೆಳಗೆ ನೋಡುವ ಧೈರ್ಯ ಬರಲಿಲ್ಲ.

ಬರುವುದಾದರೂ ಹೇಗೆ? ಆರು ವರ್ಷದ ಹಿಂದೆ ಹಲಗೆಯ ಒಂದು ತುದಿಗೆ ಅವನು, ಇನ್ನೊಂದಕ್ಕೆ ಅಕ್ಕನ ಗಂಡ ಗಂಟು ಹಾಕಿದ್ದರು. ಒಂದು ಗಂಟು ಬಿಚ್ಚಿಕೊಂಡಿತು; ಜೊತೆಗಾರನೊಬ್ಬ ಬಿದ್ದು ಸೊಂಟ ಮುರಿದುಕೊಂಡ. "ಯಾರು ಕಟ್ಟಿದ್ದು?" ಎಂದು ಮೇಸ್ತ್ರಿ ಗುಡುಗಿದಾಗ, ಬಿಚ್ಚಿಕೊಂಡಿದ್ದು ತನ್ನ ಗಂಟೇ ಎಂದು ಕಣ್ಣಾರೆ ಕಂಡಿದ್ದ ಕುಳ್ಳ, "ಭಾವ" ಎಂದುಬಿಟ್ಟ. ಭಾವನೂ ಅದನ್ನೇ ನಂಬಿದ. ಅಂದಿನಿಂದ ಅವನಿಗೆ ಯಾರೂ ಹಗ್ಗ ಮುಟ್ಟಗೊಡಲಿಲ್ಲ. ನೆಲದಲ್ಲಿ ಕೂತು ಹಳೇ ಸುಣ್ಣ ಕೆರೆದ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದ್ದು ಹೋದ ಮೇಲೂ ಮೊಣಕಾಲೂರಿ, ತಾನು ಮಾಡದ ತಪ್ಪಿಗೆ ಕ್ಷಮೆ ಬೇಡುತ್ತಿದ್ದ.

ಹಿಂದಿನ ಬೆಂಚಿನಿಂದ ಆ ಬೆನ್ನು ನೋಡಿ ನೋಡಿ ಕುಳ್ಳನಿಗೆ ಸಾಕಾಯಿತು. ನಿನ್ನೆ ಚರ್ಚಿನ ಮೆಟ್ಟಿಲ ಮೇಲೆ ಎಲ್ಲ ಹೇಳಿಬಿಟ್ಟ. ಭಾವ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ.

"ಕ್ಷಮಿಸಿದೀನಿ. ಹೋಗು."

ಬೆಳಿಗ್ಗೆ ಮೇಸ್ತ್ರಿಗೂ ಹೇಳಿದ್ದಾಯಿತು. ಮೇಸ್ತ್ರಿ ವಾಚಾಮಗೋಚರ ಬೈದು, ಹಗ್ಗದ ಸುರುಳಿಯನ್ನು ಭಾವನತ್ತ ಎಸೆದ. "ಇವತ್ತಿಂದ ತಾರಸಿ ಮೇಲೆ ಹಗ್ಗ ಹಿಡಿಯೋನು ನೀನು. ಹಲಗೆ ಮೇಲೆ ಇವನೇ ಕೂರ್ಲಿ. ಮಾಡಿದ್ದುಣ್ಣೋ ಮಹಾರಾಯ!" ಎಲ್ಲರೂ ನಕ್ಕರು. ಭಾವ ನಗಲಿಲ್ಲ.

ಗಾಳಿ ಬೀಸಿತು. ಹಲಗೆ ಗೋಡೆಗೆ ಬಡಿದು ಬಣ್ಣದ ಡಬ್ಬಿ ಉರುಳಿತು. ಅದು ಕೆಳಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು. ಕುಳ್ಳ ಪ್ರಾರ್ಥನೆ ಶುರು ಮಾಡಿದ. 'ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು' ಎಂಬ ಸಾಲಿನಲ್ಲಿ ತಡವರಿಸಿದ. ನಿನ್ನೆ ಕ್ಷಮಿಸಿದ್ದು ಭಾವನ ಬಾಯಿಯೋ, ಮನಸ್ಸೋ? ಹಗ್ಗ ಒಂದು ಗೇಣು ಜಾರಿತು. ಅವನು ಕಣ್ಣು ಮುಚ್ಚಿದ.

ಆಮೇಲೆ ರಾಟೆ ಕಿರ್ರೆಂದಿತು. ಹಲಗೆ ನಿಧಾನವಾಗಿ ಮೇಲೇರತೊಡಗಿತು.

ತಾರಸಿಯ ಗೋಡೆ ದಾಟಿ ಬಿದ್ದಂತೆ ಇಳಿದ ಕುಳ್ಳ ಭಾವನನ್ನು ನೋಡಿದ. ಹಗ್ಗ ಎಂದಿನಂತೆ ಕಬ್ಬಿಣದ ಕಂಬಕ್ಕೆ ಸುತ್ತಿತ್ತು. ಆದರೆ ಅದರ ತುದಿ ಭಾವನ ಸೊಂಟಕ್ಕೆ ಬಿಗಿದುಕೊಂಡಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದೇನು ಭಾವ?"

"ಹಗ್ಗ ಹಿಡ್ಕೊಂಡಿದ್ದಾಗ ಆರು ವರ್ಷನೂ ಒಟ್ಟಿಗೆ ನೆನಪಾಯ್ತು ಕಣೋ. ಈ ಕೈ ಎಲ್ಲಿ ಬಿಟ್ಟುಬಿಡುತ್ತೋ ಅಂತ ನನಗೇ ಭಯ ಆಯ್ತು. ಅದಕ್ಕೇ ನಿಲ್ಲಿಸಿ, ತುದಿ ಸೊಂಟಕ್ಕೆ ಕಟ್ಕೊಂಡೆ. ಬಿಟ್ರೆ ನಾನೂ ನಿನ್ ಹಿಂದೆ ಬೀಳ್ಬೇಕು, ಹಾಗೆ."

"ಹಾಗಾದ್ರೆ ನಿನ್ನೆ ಹೇಳಿದ್ದು..."

"ನಿನ್ನೆ ಹೇಳ್ದೆ. ಬೆಳಿಗ್ಗೆ ಎದ್ದಾಗ ಕ್ಷಮಿಸಿದೀನಿ ಅಂತ ಮನಸ್ಸಲ್ಲೇ ಮತ್ತೆ ಹೇಳ್ದೆ. ಈಗ ಕಟ್ಕೊಳ್ವಾಗ ಇನ್ನೊಂದ್ಸಲ. ನಾಳೆನೂ ಹೇಳ್ಬೇಕಾಗುತ್ತೋ ಏನೋ."

ಕೆಳಗಿಳಿಯುವ ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಕುಳ್ಳ ಅತ್ತ ಒಮ್ಮೆ ನೋಡಿದ. ನಂತರ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಹಗ್ಗಕ್ಕೂ ಭಾವನ ಸೊಂಟಕ್ಕೂ ನಡುವೆ ಮೆಲ್ಲಗೆ ತೂರಿಸಿದ. ಭಾವ ಕೈ ಎತ್ತಿ ಅನುವು ಮಾಡಿಕೊಟ್ಟ.

ಹೊಸ ಡಬ್ಬಿ ತೆಗೆದುಕೊಂಡು ಕುಳ್ಳ ಗೋಡೆಯಾಚೆ ಒಂದು ಕಾಲು ಹಾಕಿದ.