ಸುಟ್ಟುಹೋದ ಕೊನೆಯ ಸುರುಳಿ

ಚಳ್ಳಕೆರೆ ಸಂತೆಮಾಳದ ಬಯೋಸ್ಕೋಪು ಡೇರೆಯಲ್ಲಿ ಶೇಕ್ಷಾವಲಿಗೆ ಬಾಯಿಯದೇ ಕೆಲಸ. ಪರದೆಯ ಮೇಲಿನ ಮೂಕ ಜನಕ್ಕೆಲ್ಲ ಮಾತು ಕೊಡುವವನು ಅವನೇ. ರಾಜನೂ ಅವನೇ, ಅಳುವ ರಾಣಿಯೂ ಅವನೇ. ಊರೂರು ಸುತ್ತಿ ಗಂಟಲು ಹರಿದಿತ್ತು. ಗಾಣದೆತ್ತಿಗಾದರೂ ಅಮಾವಾಸ್ಯೆಗೊಂದು ಬಿಡುವು ಸಿಗುತ್ತದೆ, ಇವನಿಗೆ ಅದೂ ಇಲ್ಲ.

ಈ ಸಲದ ಚಿತ್ರ ಒಬ್ಬ ಕೈದಿಯದು. ಅರ್ಧ ಆಟ ಬರೀ ಕತ್ತಲೆ. ಎತ್ತರದ ಕಿಂಡಿಯಿಂದ ಒಂದಿಷ್ಟು ಬೆಳಕು ಇಳಿದು ಕೈದಿಯ ಪಾದದ ಮೇಲೆ ಬೀಳುತ್ತದೆ, ಆಮೇಲೆ ಎದೆಗೇರುತ್ತದೆ, ಆಮೇಲೆ ಮುಖಕ್ಕೆ. ಆಗ ಶೇಕ್ಷಾವಲಿ ಕೋಲಿನಿಂದ ನೆಲ ಕುಟ್ಟುತ್ತಿದ್ದ. ಆ ಸನ್ನೆಗೆ ಯಂತ್ರದ ಹಿಡಿ ತಿರುಗಿಸುವ ಯಜಮಾನ ನಾಗೇಂದ್ರಪ್ಪ ಕೈ ನಿಧಾನ ಮಾಡುತ್ತಿದ್ದ. ಆ ಮುಖ ನೋಡುತ್ತ ಜನ ಕೆಮ್ಮುವುದನ್ನೂ ಮರೆಯುತ್ತಿದ್ದರು.

ಕೊನೆಯ ಸುರುಳಿ ಮಾತ್ರ ಇರಲಿಲ್ಲ. ಹಿಂದೊಂದು ಊರಿನಲ್ಲಿ ದೀಪದ ಬಿಸಿಗೆ ಸುಟ್ಟುಹೋಗಿತ್ತು. ಅಲ್ಲಿಂದಾಚೆಗೆ ಖಾಲಿ ಬಿಳಿ ಪರದೆ ಮತ್ತು ಶೇಕ್ಷಾವಲಿಯ ಬಾಯಿ. ಮೈ ಹಗುರಿದ್ದ ದಿನ ಕೈದಿಯನ್ನು ಬಿಡಿಸುತ್ತಿದ್ದ. ಸುಸ್ತಾದ ದಿನ ಕೊಂದುಬಿಡುತ್ತಿದ್ದ, ಸಾಯಿಸುವುದಕ್ಕೆ ನಾಲ್ಕು ಮಾತು ಸಾಕು. ಈಚೆಗೆ ಪಾಪದ ಕೈದಿ ದಿನಾ ಸಾಯುತ್ತಿದ್ದ.

ಒಬ್ಬ ಮುದುಕಿ ಬುತ್ತಿಗಂಟು ಹಿಡಿದು ದಿನವೂ ಬರುತ್ತಿದ್ದಳು. ಬೆಳಕು ಮುಖಕ್ಕೇರಿದ ಕೂಡಲೇ ಎದ್ದು ಹೋಗುತ್ತಿದ್ದಳು. ಒಂದು ಸಂಜೆ ಆಟಕ್ಕೆ ಮೊದಲು ಶೇಕ್ಷಾವಲಿ ಕೇಳಿಯೇಬಿಟ್ಟ.

"ಯಾಕವ್ವ, ಕೊನೆ ತಂಕ ಕೂರಲ್ಲ? ನನ್ನ ಗಂಟ್ಲು ಅಷ್ಟು ಕೆಟ್ಟೈತಾ?"

"ನಿಮ್ಮ ಗಂಟ್ಲಿಗೇನಾಗೈತ್ರಿ ಸಾಬ್ರೆ. ಕೊನೆ ನೋಡಾಕೆ ನಂಗೇ ಭಯ."

ಹೆಸರು ಸೂರಮ್ಮ, ಮೊಳಕಾಲ್ಮೂರು ಕಡೆಯವಳು. ಮಗ ಯರ್ರಪ್ಪ ಸರ್ಕಾರದ ಕಾವಲಿನ ಹುಲ್ಲಿಗೆ ಕುರಿ ನುಗ್ಗಿಸಿ, ತಡೆಯಲು ಬಂದ ಕಾವಲುಗಾರನ ಕೈ ಮುರಿದು, ದುರ್ಗದ ಜೈಲು ಸೇರಿದ್ದ. ಅಲ್ಲಿ ಜ್ವರ ಬಂದು ಯಾರೋ ಸತ್ತರಂತೆ ಎಂದು ಸುದ್ದಿ ಬಂದಿತ್ತು. ಸತ್ತವನು ಯಾರು ಎಂದು ಹೇಳುವವರಿರಲಿಲ್ಲ. ನೋಡಿಬರಲು ಹೊರಟವಳು ಚಳ್ಳಕೆರೆಯ ಛತ್ರದಲ್ಲೇ ಕುಸಿದು ಕೂತಿದ್ದಳು. ಗಂಟಿನ ರೊಟ್ಟಿ ಒಣಗಿ ಹಪ್ಪಳವಾಗಿತ್ತು.

"ಇಲ್ಲಿರೋ ತಂಕ ನನ್ನ ಮಗ ಬದ್ಕೇ ಐದಾನೆ ಸಾಬ್ರೆ. ಅಲ್ಲಿ ಹೋಗಿ ಕೇಳಿ, ಇಲ್ಲ ಅಂದ್ಬಿಟ್ರೆ?"

ಬೇಸರಕ್ಕೆ ತಾನು ಕೊಂದ ಕೈದಿ ನೆನಪಾಗಿ ಶೇಕ್ಷಾವಲಿಗೆ ನಾಚಿಕೆಯಾಯಿತು. "ಇವತ್ತು ಏಳಬ್ಯಾಡವ್ವ" ಎಂದಷ್ಟೇ ಹೇಳಿದ.

ಅವತ್ತು ಬೆಳಕು ಮುಖಕ್ಕೇರಿದರೂ ಸೂರಮ್ಮ ಕೂತೇ ಇದ್ದಳು. ಚಿತ್ರ ಮುಗಿದು ಪರದೆ ಬೆಳ್ಳಗಾಯಿತು.

"ಬೇಗ ಮುಗ್ಸಲೇ, ದೀಪ ದಂಡ ಉರೀತೈತೆ" ಎಂದ ನಾಗೇಂದ್ರಪ್ಪ.

ಶೇಕ್ಷಾವಲಿ ಕೋಲು ಕುಟ್ಟಿದ. "ಬಾಗ್ಲು ತೆಗೀತು ನೋಡ್ರಪ್ಪ! ಕತ್ಲಾಗಿದ್ದ ಕಣ್ಣಿಗೆ ಬಿಸಿಲು ಹೊಡೀತು. ಅವನಿಗೆ ಏನೂ ಕಾಣ್ತಿಲ್ಲ, ನಿಮಗೂ ಕಾಣ್ತಿಲ್ಲ!"

ಡೇರೆಯೆಲ್ಲ ಹೋ ಎಂದಿತು. ಅವನು ಕೈದಿಯನ್ನು ದುರ್ಗದ ಬೆಟ್ಟ ದಾಟಿಸಿದ, ಕಪ್ಪು ಹೊಲಗಳ ದಾರಿಗೆ ಹಚ್ಚಿದ, ಕುರಿಗಳ ಕೂಗು ಕೇಳಿಸಿದ. "ಕಾಲಲ್ಲಿ ಕಸುವಿಲ್ಲ, ಹೊಟ್ಟೆ ಹಸಿದೈತೆ. ಎದುರಿಗೆ ಯಾರಾದ್ರೂ ಬುತ್ತಿ ತರ್ತಾರಾ ಅಂತ ನೋಡ್ತಾ ಬರ್ತಿದಾನೆ."

ಸೂರಮ್ಮ ಎದ್ದಳು. ಅವಳು ಗಂಟು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ನಡೆದಳು, ಛತ್ರದ ಕಡೆಗಲ್ಲ. ರಸ್ತೆಯಲ್ಲಿ ಶೇಂಗಾ ಗಾಡಿಗಳು ದುರ್ಗಕ್ಕೆ ಹೊರಟಿದ್ದವು. "ನಾನೂ ಬರ್ತೀನಿ, ನಿಲ್ಸಪ್ಪ" ಎಂದು ಅವಳು ಕೂಗಿದ್ದು ಡೇರೆಯೊಳಕ್ಕೂ ಕೇಳಿಸಿತು.

"ಸಾಬ್ರೆ, ಮನೆ ಮುಟ್ಟಿದ್ನಾ?" ಎಂದು ಮುಂದಿನ ಸಾಲಿನವನು ಅವಸರ ಮಾಡಿದ.

ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ. ಆದರೂ ಶೇಕ್ಷಾವಲಿ, "ಇನ್ನೂ ನಡೀತಿದಾನೆ, ಸುಮ್ಕೆ ಕೂರಲೇ" ಎಂದು ಗದರಿ ಮತ್ತೆ ಕೋಲು ಕುಟ್ಟಿದ.