ಒಪ್ಪಿಕೊಂಡ ಕಲ್ಲು

ಬೈಕಿನ ಎಂಜಿನ್ ತಳಕ್ಕೆ ಬೋಲ್ಟು ಹಾಕಿ ಬಿಗಿದಿರುವ ಬಾಣಲೆಯಂಥ ಭಾಗಕ್ಕೆ ಆಯಿಲ್ ಪ್ಯಾನ್ ಅನ್ನುತ್ತಾರೆ ಎಂದು ಹೊಲಿಗೆಯವಳಿಗೆ ಗೊತ್ತಾದದ್ದೇ, ಅದನ್ನು ಒಡೆದವಳು ಎಂಬ ಹೆಸರು ಬಂದ ಮೇಲೆ. ಗಾಡಿ ಕಲಿತ ಹೊಸತು. ಹೊಲಿದ ಯೂನಿಫಾರ್ಮಿನ ಗಂಟುಗಳನ್ನು ಹಿಂದೆ ಕಟ್ಟಿಕೊಂಡು ಶಾಲೆಗೆ ತಾನೇ ಮುಟ್ಟಿಸಿ ಬರುತ್ತಿದ್ದಳು, ಮುಖದಲ್ಲಿ ಒಂದು ಗತ್ತು ಬೇರೆ. ಒಂದು ಬೆಳಿಗ್ಗೆ ನೋಡಿದರೆ ಗಾಡಿಯ ಕೆಳಗೆ ಎಣ್ಣೆ ಮಡುಗಟ್ಟಿತ್ತು. ಗಂಡ ಬಗ್ಗಿ ನೋಡಿದ, ಎದ್ದ, ಕೀಲಿಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ. ಎಲ್ಲಿ ಗುದ್ದಿದೆ ಎಂದು ಕೇಳಿದ. ಗುದ್ದಿದೆಯಾ ಎಂದು ಕೇಳಲಿಲ್ಲ.

ಅವಳಿಗೆ ಎಲ್ಲಿಯೂ ಗುದ್ದಿದ ನೆನಪಿರಲಿಲ್ಲ. ಅಷ್ಟರಲ್ಲಿ ಅವಳ ಅಣ್ಣ ಬಂದ. ಅವನು ನೀರಿನ ಟ್ಯಾಂಕುಗಳ ಸೋರಿಕೆ ಮುಚ್ಚುವವನು. ಅಪ್ಪನಿಂದ ಬಂದ ಕಸುಬು. ತಂಗಿಯ ಪರವಾಗಿ ಎಷ್ಟು ಚೆಂದ ವಾದ ಮಾಡಿದ ಅಂತೀರಿ! ಹೊಸದಾಗಿ ಕಲಿತವರಿಗೆ ರಸ್ತೆಯ ಕಲ್ಲು ಕಾಣುವುದಿಲ್ಲ, ಬಡಿದದ್ದೂ ತಿಳಿಯುವುದಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ ಭಾವ ಎಂದ. ಅಣ್ಣನೇ ಹೀಗೆ ಹೇಳಿದ ಮೇಲೆ ಅವಳು ಯೋಚಿಸತೊಡಗಿದಳು. ಯೋಚಿಸಿದ ಹಾಗೆಲ್ಲ ಶಾಲೆಯ ತಿರುವಿನಲ್ಲಿ ಒಂದು ಕಲ್ಲು ಕಾಣಿಸತೊಡಗಿತು. ಕೊನೆಗೆ, ಹೌದು, ಅಲ್ಲೇ ಬಡಿದಿರಬೇಕು ಎಂದು ಒಪ್ಪಿಕೊಂಡೂಬಿಟ್ಟಳು. ಅದು ಬೂದು ಬಣ್ಣದ್ದು, ಒಂದು ಕಡೆ ಚೂಪಾಗಿತ್ತು ಎಂದು ವರ್ಣನೆಯನ್ನೂ ಕೊಟ್ಟಳು, ಪಾಪದವಳು. ಅಂದಿನಿಂದ ಗಂಟು ಹೊತ್ತು ಬಿಸಿಲಲ್ಲಿ ನಡೆದೇ ಹೋಗುತ್ತಿದ್ದಳು. ಅಣ್ಣನಾದರೂ ತನ್ನ ಬೆನ್ನಿಗಿದ್ದಾನಲ್ಲ ಎಂಬುದೊಂದೇ ಸಮಾಧಾನ.

ಹೊಸ ಪ್ಯಾನ್ ಬಂದ ದಿನ ಅದನ್ನು ಕೂರಿಸಲು ಅಣ್ಣನೇ ಮುಂದಾದ. ಗ್ಯಾರೇಜು ಯಾಕೆ, ಮನೆಯಲ್ಲೇ ಆಗುವ ಕೆಲಸ ಎಂದ. ಅಂಗಳದಲ್ಲಿ ಗಾಡಿ ನಿಲ್ಲಿಸಿ ಉಳಿದಿದ್ದ ಎಣ್ಣೆಯನ್ನು ಬೋಗುಣಿಗೆ ಇಳಿಸಿದ. ಅಡ್ಡ ಬರುತ್ತಿದ್ದ ಸೈಲೆನ್ಸರ್ ಪೈಪು ಬಿಚ್ಚಿಟ್ಟ. ಬೋಲ್ಟುಗಳನ್ನೆಲ್ಲ ತೆಗೆದು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಹಳೇ ಪ್ಯಾನ್ ಕಳಚಿ ಕೈಗೆ ಬಂತು. ಗುಜರಿಗೆ ನಾನೇ ಹಾಕುತ್ತೇನೆ ಎಂದು ಅದನ್ನು ತನ್ನ ಚೀಲಕ್ಕೆ ತುರುಕಿದ. ಎಂಜಿನ್ನಿಗೆ ಅಂಟಿದ್ದ, ಸಂದು ಮುಚ್ಚುವ ಹಳೇ ಗ್ಯಾಸ್ಕೆಟ್ ಪಟ್ಟಿ ಕೆರೆದು ಮುಗಿಸಿದ ಮೇಲೆ, ಎಣ್ಣೆ ಇಳಿಸುವ ಬೋಲ್ಟಿನ ವಾಷರ್ ಸವೆದಿರುವುದು ಕಂಡಿತು. ಹೊಸದು ತರಲು ಬೀದಿ ಕೊನೆಯ ಅಂಗಡಿಗೆ ಹೋದ.

ಅವಳು ಚೀಲದಿಂದ ಪ್ಯಾನ್ ತೆಗೆದಳು. ಸಂಶಯದಿಂದಲ್ಲ, ತಾನು ಮಾಡಿದ ಅನಾಹುತವನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತ್ತು, ಅಷ್ಟೇ. ಸೀಮೆಎಣ್ಣೆ ಹಾಕಿ ಉಜ್ಜಿದಾಗ ಮೆತ್ತಿದ್ದ ಕೆಸರೆಲ್ಲ ಹೋಗಿ, ಕಪ್ಪು ಬಣ್ಣ ಬಳಿದ ಒಂದು ಉಬ್ಬು ಕಂಡಿತು. ಉಗುರಿನಿಂದ ಮೀಟಿದರೆ ಅಂಚು ಎದ್ದಿತು. ತೂತು ಮುಚ್ಚಲು ಮೆತ್ತುವ ಪುಟ್ಟಿ. ಎರಡು ಪದರ ಪುಟ್ಟಿಯ ನಡುವೆ ಒಂದು ತುಂಡು ಬಟ್ಟೆ.

ತೂತು ಮುಚ್ಚುವಾಗ ನಡುವೆ ಬಟ್ಟೆ ಇಡುವುದು ಅವಳ ಅಪ್ಪನ ಪದ್ಧತಿ. ನೀರಿನ ಟ್ಯಾಂಕಿಗೆ ಅದು ವರ್ಷಗಟ್ಟಲೆ ಬಾಳುತ್ತಿತ್ತು. ಆದರೆ ಎಂಜಿನ್ನಿನ ಬಿಸಿ ಎಣ್ಣೆಯನ್ನು ಈ ಬಟ್ಟೆ ದೀಪದ ಬತ್ತಿಯ ಹಾಗೆ ಹೀರಿ ಹೊರಗೆ ಹಾಯಿಸಿತ್ತು. ಬಟ್ಟೆಯೂ ಅವಳದೇ, ಶಾಲೆಯವರು ಈ ವರ್ಷವಷ್ಟೇ ತಂದ ಮೆರೂನ್ ಚೌಕಳಿಯದು. ಎಣ್ಣೆ ಸೋರುವ ಮುಂಚಿನ ವಾರ ಅಣ್ಣ ಗಾಡಿಯನ್ನು ಕೆಲಸಕ್ಕೆ ಒಯ್ದಿದ್ದ. ಆವತ್ತೇ ಮಧ್ಯೆ ಒಮ್ಮೆ ಗಾಡಿಯಿಲ್ಲದೆ ಬಂದು, ಕೈ ಒರೆಸಲು ಒಂದು ತುಂಡು ಬಟ್ಟೆ ಕೇಳಿದ್ದ. ಚಿಂದಿ ಬುಟ್ಟಿಯಲ್ಲಿ ಹುಡುಕಿ, ಇದ್ದುದರಲ್ಲಿ ದೊಡ್ಡ ತುಂಡನ್ನೇ ಆರಿಸಿ ಕೊಟ್ಟಿದ್ದಳು.

ಅಣ್ಣ ಮರಳಿ ಬಂದಾಗ ಪ್ಯಾನ್ ಅವಳ ಮಡಿಲಲ್ಲಿತ್ತು.

"ಅಣ್ಣ, ನೀನು ಗಾಡಿ ಒಯ್ದಾಗ ಬಡಿದ ಕಲ್ಲು ಎಲ್ಲಿತ್ತು?"

ಅವನು ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿದ. "ನಾನು ಅಂತ ಗೊತ್ತಾಗಿದ್ರೆ ಭಾವ ಮತ್ತೆ ಗಾಡಿ ಮುಟ್ಟೋಕೆ ಬಿಡ್ತಿರ್ಲಿಲ್ಲ ಕಣೇ. ನೀನು ಹೆಂಡತಿ. ಎರಡು ಮಾತು ಬೈದು ಸುಮ್ಮನಾಗ್ತಾರೆ ಅಂದ್ಕೊಂಡೆ."

"ನನಗೆ ಗಾಡಿ ಮುಟ್ಟೋಕೆ ಬಿಟ್ರಾ?"

ಸುಮ್ಮನೆ ಸುಳ್ಳು ಹೇಳಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಇವನು ತಲೆಯ ಮೇಲೆ ಗೂಬೆ ಕೂರಿಸಿ, ಆಮೇಲೆ ಅದೇ ತಲೆ ಸವರಿದ್ದ. ಆ ಸವರಿಕೆಗೆ ಅವಳು ಕಣ್ಣಲ್ಲಿ ನೀರು ತಂದುಕೊಂಡು ಉಪಕಾರ ಸ್ಮರಿಸಿದ್ದಳು. ಅದನ್ನು ನೆನೆದು ಮೈಯೆಲ್ಲ ಉರಿಯಿತು.

ಮಾತು ಕೇಳಿ ಗಂಡ ಹೊರಗೆ ಬಂದ, ಏನು ವಿಷಯ ಎಂದ. ಅಣ್ಣ ತನ್ನ ಬಾಯಿಂದಲೇ ಹೇಳಲಿ ಎಂದು ಅವಳು ಕಾದಳು. ಒಡಹುಟ್ಟಿದವನಿಗೆ ಅಷ್ಟು ಅವಕಾಶವನ್ನಾದರೂ ಕೊಡಬೇಕಲ್ಲ.

ಅಣ್ಣ ನಕ್ಕ. "ಏನಿಲ್ಲ ಭಾವ. ಕಲ್ಲು ಜೋರಾಗೇ ಬಡಿದಿದೆ ಅಂತ ಇವಳಿಗೆ ತೋರಿಸ್ತಿದ್ದೆ."

ಅವಳು ಎದ್ದು ಒಳಗೆ ಹೋದಳು. ಬುಟ್ಟಿಯಿಂದ ಅದೇ ಚೌಕಳಿಯ ಇನ್ನೊಂದು ತುಂಡು ತಂದು, ಪ್ಯಾನಿನ ಜೊತೆ ಗಂಡನ ಕೈಯಲ್ಲಿಟ್ಟಳು. ಗಾಡಿ ಒಯ್ದ ದಿನ ಅಣ್ಣ ಬಟ್ಟೆ ಕೇಳಿಕೊಂಡು ಬಂದದ್ದನ್ನು ಹೇಳಿದಳು. ಗಂಡ ಪುಟ್ಟಿಯನ್ನು ನೋಡಿದ, ಬಟ್ಟೆಯನ್ನು ನೋಡಿದ, ಭಾವಮೈದನ ಮೇಲೆ ಹರಿಹಾಯಲು ಹೊರಟ.

"ನೀವು ಬೈಬೇಡಿ," ಎಂದಳು. "ನೀವೂ ನನ್ನನ್ನ ಕೇಳ್ಲಿಲ್ಲ."

ಗಂಡ ಮುಖ ಸಪ್ಪಗೆ ಮಾಡಿಕೊಂಡು ಜೇಬಿನಿಂದ ಕೀಲಿಕೈ ತೆಗೆದು ಚಾಚಿದ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಣ್ಣನಿಗೆ ವಾಷರ್ ಅಲ್ಲಿಟ್ಟು ಹೊರಡಲು ಹೇಳಿದಳು. ಹೊಸ ಪ್ಯಾನನ್ನು ಗಂಡ ಕೆಳಗಿನಿಂದ ಒತ್ತಿ ಹಿಡಿದ, ಬೋಲ್ಟುಗಳನ್ನು ಅವಳೇ ಬಿಗಿದಳು. ಹೊಸ ಎಣ್ಣೆ ಸುರಿದು ಎಂಜಿನ್ ಓಡಿಸಿದಾಗ ಒಂದು ಹನಿಯೂ ತೊಟ್ಟಿಕ್ಕಲಿಲ್ಲ.

ಮರುದಿನ ಗಂಟು ಕಟ್ಟಿಕೊಂಡು ಗಾಡಿಯಲ್ಲೇ ಹೊರಟಳು. ಶಾಲೆಯ ತಿರುವಿನಲ್ಲಿ ಯಾವ ಕಲ್ಲೂ ಇಲ್ಲ, ಎಂದೂ ಇರಲಿಲ್ಲ ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಲ್ಲಿಗೆ ಬಂದಾಗ ಅವಳ ಕೈ ತಾನಾಗಿ ಬ್ರೇಕು ಹಿಡಿಯಿತು.