ಅಪ್ಪನ ತೂಕದ ಮರಳು

ಅಪ್ಪ ಮಗಳ ಆ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಪಿಕಪ್ ಗಾಡಿಯ ಮುಂಭಾಗ ಎತ್ತರಿಸಿ ಮಟ್ಟ ಮಾಡುವಾಗ ಖಾಲಿ ಗಾಡಿಯನ್ನು ಅಳೆಯಕೂಡದು. "ಗಾಡಿ ಏನು ತಾನಾಗೇ ಓಡುತ್ತಾ? ಒಳಗೊಬ್ಬ ಕೂತಿರ್ತಾನಲ್ವಾ?" ಎನ್ನುವುದು ಅಪ್ಪನ ವಾದ. ಅದಕ್ಕೇ ಡ್ರೈವರ್ ಸೀಟಿನ ಮೇಲೆ ಓಡಿಸುವವನ ತೂಕದಷ್ಟು ಮರಳಿನ ಮೂಟೆ ಹೇರಿ, ಆಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳತೆಯ ಕೋಲು ಹಿಡಿಯಬೇಕು. ಸಣಕಲು ಗಿರಾಕಿಗೆ ಎರಡು ಮೂಟೆ, ಸಾಮಾನ್ಯ ಆಳಿಗೆ ಮೂರು. ನಾಲ್ಕು ಮೂಟೆಯವನು ಊರಿಗೆಲ್ಲ ಒಬ್ಬನೇ, ಅದು ಅಪ್ಪ. ಅವನು ಹತ್ತಿದರೆ ಗಾಡಿಯೇ ನರಳುತ್ತದೆ ಎಂದು ಗಿರಾಕಿಗಳು ಛೇಡಿಸಿದರೆ ಹೊಟ್ಟೆ ಸವರಿಕೊಂಡು ನಗುತ್ತಿದ್ದ.

ಈಗ ಆ ಹೊಟ್ಟೆ ಇರಲಿಲ್ಲ. ಒಂದರ ಮೇಲೊಂದು ಅಂಗಿ ತೊಟ್ಟು, ಮೇಲೊಂದು ದಪ್ಪನೆಯ ಕೋಟು ಹಾಕಿಕೊಂಡು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿರುತ್ತಿದ್ದ. ತಟ್ಟೆಯನ್ನು ಬೀದಿನಾಯಿಯ ಕಡೆ ತಳ್ಳಿ "ಹೊಟ್ಟೆ ತುಂಬ್ತು" ಅನ್ನುತ್ತಿದ್ದ. ಆಸ್ಪತ್ರೆ ಎಂದರೆ ಸಾಕು, ಗಾಡಿಯ ಕತೆ ತೆಗೆಯುತ್ತಿದ್ದ. ಮಗಳು ಬೇಡಿದಳು, ಬೈದಳು, ಮಾತು ಬಿಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಮ್ಮ ಬದುಕಿದ್ದರೆ ಕಿವಿ ಹಿಡಿದು ಎಳೆದೊಯ್ಯುತ್ತಿದ್ದಳು. ಈ ಮನುಷ್ಯ ಕಣ್ಣೆದುರೇ ಕರಗಿಹೋಗುತ್ತಾನೆ, ತಾನು ನೋಡುತ್ತ ನಿಂತಿರಬೇಕು ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಅವತ್ತು ಬೆಳಿಗ್ಗೆ ಅಪ್ಪ ತಾನಾಗಿಯೇ ಬಾಯಿಬಿಟ್ಟ. "ನನ್ನ ಗಾಡಿ ಎಡಕ್ಕೆ ವಾಲಿದೆ ಪುಟ್ಟಿ. ಮಟ್ಟ ಮಾಡ್ಕೊಡು. ಆಮೇಲೆ ಎಲ್ಲಿಗೆ ಕರೀತೀಯೋ ಬರ್ತೀನಿ."

ತನ್ನ ಗಾಡಿಯನ್ನು ಅವನು ಯಾರಿಗೂ ಮುಟ್ಟಲು ಬಿಟ್ಟವನಲ್ಲ. ಮಗಳಿಗೆ ಸ್ಟೀರಿಂಗ್ ಕೂಡ ಕೊಟ್ಟವನಲ್ಲ. ಜ್ಯಾಕಿನ ಹಿಡಿಕೆ ಒತ್ತಲು ಕೈಯಲ್ಲಿ ಕಸುವಿಲ್ಲದ್ದಕ್ಕೆ ಈ ಔದಾರ್ಯ ಎಂದು ಅವಳಿಗೆ ಗೊತ್ತಿತ್ತು. ಆದರೂ ಮಾತು ಕೊಟ್ಟನಲ್ಲ! ಅವಳು ಓಡಿಹೋಗಿ ಜ್ಯಾಕ್ ತಂದಳು.

"ಡ್ರೈವರ್ ಕಡೆ ಬೋಲ್ಟ್ ಮುಟ್ಬೇಡ," ಅಪ್ಪ ಕೂತಲ್ಲಿಂದಲೇ ಹೇಳಿದ. "ಎಡಗಡೇದು ಬಿಗಿ, ಸಾಕು."

ಅವಳ ಕೈ ನಿಂತಿತು. ಇಂಥ ಗಾಡಿಗಳಲ್ಲಿ ಮುಂದಿನ ಚಕ್ರಗಳ ಭಾರ ಹೊರುವುದು ಅಡಿಯಲ್ಲಿ ಉದ್ದಕ್ಕೆ ಮಲಗಿರುವ ಎರಡು ಕಬ್ಬಿಣದ ಸರಳುಗಳು. ಸರಳಿನ ತುದಿಯ ಬೋಲ್ಟ್ ಬಿಗಿದರೆ ಆ ಕಡೆ ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮೂಟೆ ಹೇರದೆ, ಕೋಲು ಹಿಡಿಯದೆ, ಒಂದು ಕಡೆ ಮುಟ್ಟಲೇಬೇಡ ಅನ್ನುವುದೇ? ಅದೂ ಈ ಅಪ್ಪ!

ಅವಳು ಗಾಡಿಯ ಅಡಿಗೆ ನುಸುಳಿ ಡ್ರೈವರ್ ಕಡೆಗೇ ಟಾರ್ಚ್ ಹಿಡಿದಳು. ಆ ಕಡೆಯ ಬೋಲ್ಟಿನಲ್ಲಿ ಮಣ್ಣಿಲ್ಲ, ತುಕ್ಕಿಲ್ಲ. ಹೊಸ ಗ್ರೀಸ್. ಸ್ಪ್ಯಾನರ್ ಮತ್ತೆ ಮತ್ತೆ ಕಚ್ಚಿದ ಗುರುತು. ಇನ್ನೆರಡು ಸುತ್ತು ತಿರುಗಿಸಿದ್ದರೆ ಕೈಗೇ ಬರುತ್ತಿತ್ತು.

ಅಪ್ಪನಿಗೆ ಎಲ್ಲ ಗೊತ್ತಿತ್ತು. ಮೈಯ ಭಾರ ಇಳಿದಂತೆಲ್ಲ ಅವನ ಕಡೆ ಮೇಲೇಳುತ್ತ ಬಂದಿದೆ. ಗಾಡಿ ಚಾಡಿ ಹೇಳದಿರಲಿ ಎಂದು ಇವನು ಬೋಲ್ಟ್ ಸಡಿಲಿಸುತ್ತ ಬಂದಿದ್ದಾನೆ. ಇನ್ನು ಸಡಿಲಿಸಲು ಜಾಗವೇ ಉಳಿದಿಲ್ಲ, ಅದಕ್ಕೇ ಎಡಗಡೆ ಎತ್ತು ಅನ್ನುತ್ತಿದ್ದಾನೆ. ಮಗಳ ಕಣ್ಣಿಗೆ ಇಷ್ಟು ದಿನ ಮಣ್ಣೆರಚಿದ್ದಾನೆ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಹೊರಗೆ ಬಂದು ಕೇಳಿದಳು, "ಈ ಬೋಲ್ಟ್ ಯಾರು ಮುಟ್ಟಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಪ್ಪ ಕೋಟಿನ ಗುಂಡಿ ಹಾಕಿಕೊಂಡ.

ಅವಳು ಮೂಲೆಯಿಂದ ಮರಳಿನ ಮೂಟೆ ಹೊತ್ತು ತಂದು ಸೀಟಿಗೆ ಕುಕ್ಕಿದಳು. ಒಂದು, ಎರಡು, ಮೂರು, ನಾಲ್ಕು. ಗಾಡಿ ಡ್ರೈವರ್ ಕಡೆಗೆ ಕುಸಿಯಿತು.

"ಅಷ್ಟ್ಯಾಕೆ ಹೇರ್ತೀಯ?"

"ನೀನು ನಾಲ್ಕು ಮೂಟೆ ಆಳು ತಾನೆ ಅಪ್ಪ? ನೀನೇ ಹೇಳೋದು."

ಅಪ್ಪ ನೆಲ ನೋಡಿದ. "ಒಂದು ತೆಗಿ" ಅಂದ.

ತೆಗೆದಳು. ಗಾಡಿಯನ್ನು ಹಿಂದೆ ಮುಂದೆ ತಳ್ಳಿ, ಚಕ್ರ ನೆಲೆಯಾದ ಮೇಲೆ ಎರಡೂ ಕಡೆ ಕೋಲು ಹಿಡಿದಳು. ಡ್ರೈವರ್ ಕಡೆ ಇನ್ನೂ ತಗ್ಗು.

"ಇನ್ನೊಂದು ತೆಗಿ."

ತೆಗೆದಳು, ತಳ್ಳಿದಳು, ಅಳೆದಳು. ಎರಡೂ ಕಡೆ ಒಂದೇ ಅಳತೆ. ಗಾಡಿ ಮಟ್ಟವಾಗಿ ನಿಂತಿತ್ತು.

ನೆಲದ ಮೇಲೆ ಬಿದ್ದಿದ್ದ ಎರಡು ಮೂಟೆಗಳನ್ನು ಅಪ್ಪ ತನ್ನವರೇ ಯಾರೋ ಮಲಗಿದ್ದಾರೇನೋ ಎಂಬಂತೆ ನೋಡಿದ. "ಅರ್ಧ ಆಗೋಗಿದೀನಲ್ಲೇ ಪುಟ್ಟಿ," ಅಂದ. "ಭಯ ಆಗುತ್ತೆ ಕಣೆ. ಅಲ್ಲಿಗೆ ಹೋದ್ರೆ ಅವ್ರು ಬಾಯಿಬಿಟ್ಟು ಹೇಳಿಬಿಡ್ತಾರೆ."

ಅವಳು ಅವನ ಕಾಲ ಬಳಿ ಕುಸಿದು ಕೂತು ಕೋಟನ್ನು ಹಿಡಿದುಕೊಂಡಳು. ಮುಷ್ಟಿಯೊಳಗೆ ಬರೀ ಬಟ್ಟೆ ಸಿಕ್ಕಿತು. ಹೆದರಬೇಡ ಅನ್ನಲು ಅವಳಿಗೂ ಧೈರ್ಯ ಬರಲಿಲ್ಲ.

ಕೊನೆಗೆ ಅಪ್ಪನೇ ಅವಳ ತಲೆ ತಟ್ಟಿದ. "ಏಳು. ಆ ಮೂಟೆ ಇಳಿಸಿ ನೀನು ಕೂರು. ನಿನ್ನ ತೂಕಕ್ಕೆ ಮಟ್ಟ ಮಾಡೋಣ. ಇನ್ನು ಓಡಿಸೋಳು ನೀನೇ ತಾನೆ."

ಅವಳು ಸ್ಟೀರಿಂಗ್ ಹಿಡಿದು ಕೂತಳು. ಅಪ್ಪ ಮಂಡಿಯೂರಿ ಕೋಲು ಹಿಡಿದ. "ನನಗಿಂತ ಭಾರ ಇದೀಯ," ಎಂದು ಗೊಣಗಿದ. ಅವಳು ಇಳಿದು ಬೋಲ್ಟ್ ಬಿಗಿದಳು, ಮತ್ತೆ ಹತ್ತಿದಳು. "ಕದಲಬೇಡ," ಅಂದ. ಅವಳು ಅಳುವುದನ್ನೂ ಹಿಡಿದುಕೊಂಡು ಕೂತಳು. ಮತ್ತೆ ಇಳಿದು ಬಿಗಿದಳು, ಮತ್ತೆ ಕೂತಳು.

"ಮಟ್ಟ ಆಯ್ತು."

ಅಪ್ಪ ಗಾಡಿಯನ್ನು ಸುತ್ತಿ ಬಂದು, ಈವರೆಗೆ ಒಮ್ಮೆಯೂ ಕೂರದ ಆ ಕಡೆಯ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡ. ಅವನು ಹತ್ತಿದ್ದು ಗಾಡಿಗೆ ಗೊತ್ತೇ ಆಗಲಿಲ್ಲ.